ಬೆಟ್ಟದ ಬುಡದ ಗೈಡು

ಮಧುಗಿರಿ ಬೆಟ್ಟವನ್ನು ನಾನು ದಿನಾ ಹತ್ತುತ್ತೇನೆ, ವಾಟ್ಸಾಪಿನಲ್ಲಿ. ಬೆಳಿಗ್ಗೆ ತಾರಸಿಗೆ ಹೋಗಿ, ಪಕ್ಕದ ಮನೆಯ ನೀರಿನ ಟ್ಯಾಂಕು ಬಾರದ ಹಾಗೆ ಫೋನನ್ನು ಓರೆ ಹಿಡಿದು ಒಂದು ಫೋಟೊ ತೆಗೆದು, ‘ನನ್ನ ಬೆಟ್ಟ, ಶುಭೋದಯ’ ಎಂದು ಕಳಿಸುತ್ತೇನೆ. ನಿಜವಾದ ಬೆಟ್ಟವನ್ನು ಹತ್ತಿಲ್ಲ. ನನ್ನ ಹೆಸರು ಭೀಮರಾಜು. ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಕೋಟೆಯ ಪಾಠ ಶುರುವಾದರೆ ಒಂದೊಂದು ಬುರುಜನ್ನೂ ಬಿಡದೆ ವರ್ಣಿಸುತ್ತೇನೆ. ಆದರೆ ಸ್ಟೂಲು ಹತ್ತಿ ಫ್ಯಾನು ಒರೆಸಬೇಕೆಂದರೂ ಸ್ಟೂಲೇ ಸರಿಯಿಲ್ಲವೆಂದು ನೆಪ ಹೇಳಿ ಯಾರಿಂದಾದರೂ ಕಾಲು ಹಿಡಿಸಿಕೊಳ್ಳುತ್ತೇನೆ.

ನಾನು ಹತ್ತಿಲ್ಲವೆಂಬುದು ಗೊತ್ತಿದ್ದದ್ದು ನನ್ನ ಹೆಂಡತಿ ಸಹನಾಗೆ ಮಾತ್ರ. ಯಾಕೆಂಬುದು ಅವಳಿಗೂ ಗೊತ್ತಿರಲಿಲ್ಲ. ಕೊರಟಗೆರೆಯಿಂದ ಮದುವೆಯಾಗಿ ಬಂದ ಹೊಸತರಲ್ಲಿ ಅಡುಗೆಮನೆ ಕಿಟಕಿಯಿಂದ ಬೆಟ್ಟ ನೋಡಿ, “ಅಲ್ಲಿಗೆ ಯಾವಾಗ ಹೋಗಾದು?” ಅಂದಿದ್ದಳು. “ಬಿಸಿಲು ಇಳೀಲಿ ತಡಿ” ಅಂದೆ. ಬಿಸಿಲು ಇಳಿದು ಮಳೆ ಬಂತು. ಮಳೆಗೆ ಬಂಡೆ ಜಾರುತ್ತದೆ ಅಂದೆ. ಹಾಗೇ ದಿನ ದೂಡುತ್ತ ನಮ್ಮ ಮಗಳ ಮದುವೆಯೂ ಆಯಿತು. ನೀನೊಬ್ಬಳೇ ಹೋಗಿ ಬಾ ಎನ್ನಲು ನನ್ನ ಗಂಡಸುತನ ಬಿಡಲಿಲ್ಲ, ಜೊತೆಗೆ ಹೋಗಲು ಕಾಲು ಬಿಡಲಿಲ್ಲ.

ಇಂಥದ್ದರಲ್ಲಿ ಶ್ರೀಲಂಕಾದ ಸುನಿಲ್ ಫೋನು ಮಾಡಿದ. ಅವನೂ ಮೇಷ್ಟ್ರು. ನಾನು ನಮ್ಮೂರಿನ ಬೌದ್ಧ ಸಂಘದವರ ಜೊತೆ ಬೋಧಗಯೆಗೆ ಹೋಗಿದ್ದಾಗ ಊಟದ ಸಾಲಿನಲ್ಲಿ ಸಿಕ್ಕ ಸ್ನೇಹಿತ. ಅವನ ಹರಕು ಇಂಗ್ಲಿಷು ನನ್ನ ಮುರುಕು ಇಂಗ್ಲಿಷಿಗೆ ಚೆನ್ನಾಗಿ ಹೊಂದಿಕೊಂಡಿತ್ತು. ನನ್ನ ಶುಭೋದಯಗಳೆಲ್ಲ ಹೋಗುವುದು ಅವನಿಗೇ. ಹೆಂಡತಿ ನಿಲ್ಮಿಣಿಯನ್ನು ಕರೆದುಕೊಂಡು ಬರುತ್ತೇನೆ, ಅವಳಿಗೆ ನಿನ್ನ ಬೆಟ್ಟ ಹತ್ತಬೇಕಂತೆ ಅಂದ. ಬಾ ಬಾ ಎಂದು ಬಾಯಲ್ಲಿ ಹೇಳುತ್ತಲೇ ನಾನು ನೆಪ ಹುಡುಕತೊಡಗಿದೆ.

ಸಹನಾ ಮಾತ್ರ ಹಿಗ್ಗಿ ಹೀರೇಕಾಯಿಯಾದಳು. “ಸದ್ಯ, ಅವರ ನೆಪದಾಗಾದ್ರೂ ನಾನು ಮ್ಯಾಲಕ್ಕೆ ಹೋಯ್ತೀನಿ.”

ನಮ್ಮ ಕಡೆ ನೆಂಟರ ಮನೆ ಮುಂದೆ ಹಾದು ಒಳಗೆ ಹೋಗದಿದ್ದರೆ ವರ್ಷಗಟ್ಟಲೆ ಮಾತು ಕೇಳಬೇಕು. ಒಳಗೆ ಹೋದಮೇಲೆ ಉಣ್ಣದೆ ಏಳುವಂತಿಲ್ಲ. ಈ ಪದ್ಧತಿಯನ್ನು ಜನ್ಮವಿಡೀ ಬೈದುಕೊಂಡು ಬಂದ ನಾನು ಸುನಿಲ್ ದಂಪತಿ ಬಂದಿಳಿದ ದಿನ ಅದರ ಕಾಲು ಹಿಡಿದೆ. ಬೆಟ್ಟ ಎಲ್ಲಿಗೂ ಓಡಿಹೋಗುವುದಿಲ್ಲ, ಮೊದಲು ಸೋಲಾರ್ ಪಾರ್ಕು ನೋಡೋಣ ಎಂದು ಎಲ್ಲರನ್ನೂ ಬಾಡಿಗೆ ಕಾರಿಗೆ ಹತ್ತಿಸಿ ಪಾವಗಡದ ದಾರಿ ಹಿಡಿಸಿದೆ. ಆ ದಾರಿಯುದ್ದಕ್ಕೂ ನಮ್ಮ ನೆಂಟರೇ.

ಮಿಡಿಗೇಶಿಯಲ್ಲಿ ಚಿಕ್ಕಮ್ಮ ಚಿಕ್ಕಲಕ್ಷ್ಮಮ್ಮ ಮುದ್ದೆ ಬಡಿಸಿದಳು. ಸುನಿಲ್ ಅದನ್ನು ಅಗಿಯಲು ಹೋದ. “ಅಗೀಬ್ಯಾಡ ಕಣಪ್ಪ, ನುಂಗು!” ಎಂದು ಚಿಕ್ಕಮ್ಮ ತಾನೇ ನುಂಗಿ ತೋರಿಸಿದಳು. ಅವನು ಕಣ್ಣರಳಿಸಿ ನುಂಗಿದ. ನಾನು ಏಳಲು ನೋಡಿದರೆ, “ಲೇ ಭೀಮ, ಸಮುದ್ರ ದಾಟಿ ಬಂದವ್ರು ಒಂದ್ ಮುದ್ದೇಗೆ ಎದ್ಬುಟ್ರೆ ಹೆಂಗ್ಲಾ?” ಅಂದಳು. ಸುನಿಲ್ ತಟ್ಟೆ ಮುಂದೆ ಚಾಚಿದ. ನನಗೆ ಆನಂದವಾಯಿತು.

ಕ್ಯಾತಗಾನಚೆರ್ಲಿನಲ್ಲಿ ಭಾವ ಕದರಪ್ಪ, ಸೂರ್ಯನಿಗೆ ಮುಖ ಮಾಡಿ ನಿಂತ ಸೋಲಾರ್ ಹಲಗೆಗಳ ಕಡೆ ಕೈ ತೋರಿಸಿ, “ಆ ಫಳಫಳ ಅನ್ನಾದೇ ನಮ್ಮ ಕಡ್ಲೆಕಾಯಿ ಹೊಲ” ಅಂದ. ನೋಡುವುದು ಅಲ್ಲಿಗೆ ಮುಗಿಯಿತು, ಉಣ್ಣುವುದು ಶುರುವಾಯಿತು. “ತಿನಂಡಿ ಸಾರ್, ತಿನಂಡಿ” ಎಂದು ತೆಲುಗಿನಲ್ಲಿ ತಿನ್ನಲು ಒತ್ತಾಯಿಸುತ್ತ ಅವನು ಕೋಳಿ ಸಾರು ಸುರಿದಷ್ಟೂ ಸುನಿಲ್ ಬೇಡ ಅನ್ನಲಿಲ್ಲ. ಸಹನಾ ಕಾರಿನ ಕಡೆ, ಆಮೇಲೆ ಇಳಿಯುತ್ತಿದ್ದ ಬಿಸಿಲಿನ ಕಡೆ, ಆಮೇಲೆ ನನ್ನ ಕಡೆ ನೋಡಿದಳು. ನಾನು ಮೂಳೆ ಚೀಪುವುದರಲ್ಲಿ ಮುಳುಗಿದ್ದೆ.

ಮಧುಗಿರಿಗೆ ವಾಪಸಾದಾಗ ಬೆಟ್ಟ ಕಪ್ಪಗಾಗಿತ್ತು. “ಅಯ್ಯೋ, ಹೊತ್ತೇ ಮುಳುಗಿಹೋಯ್ತಲ್ಲ!” ಎಂದು ನಾನು ಪೇಚಾಡಿದೆ. ಸುನಿಲನೂ ತಲೆ ಅಲ್ಲಾಡಿಸಿ ಪೇಚಾಡಿದ.

“ಇವರ ಬಸ್ಸು ನಾಳೆ ಮಧ್ಯಾಹ್ನ ತಾನೆ?” ಅಂದಳು ಸಹನಾ. “ಬೆಳಗ್ಗೆ ಬಂಡೆ ಕಾಯೋಕ್ ಮುಂಚೆ ಹತ್ತಣ.” ನಿಲ್ಮಿಣಿಗೆ ಬೆಟ್ಟದ ತುದಿಯನ್ನೂ ಗಡಿಯಾರವನ್ನೂ ತೋರಿಸಿದಳು. ಅವಳು ತಕ್ಷಣ ಅರ್ಥಮಾಡಿಕೊಂಡು ಚಪ್ಪಾಳೆ ತಟ್ಟಿದಳು. ಇನ್ನೊಂದು ನೆಂಟರ ಮನೆ ನನಗೆ ಹೊಳೆಯಲಿಲ್ಲ.

ಬೆಳಿಗ್ಗೆ ಕೋಟೆಯ ಮೊದಲ ಬಾಗಿಲಿನವರೆಗೆ ನಾನೇ ಮುಂದೆ. ಇತಿಹಾಸವೆಲ್ಲ ನನ್ನ ಬಾಯಲ್ಲೇ ಇತ್ತು. ಅಲ್ಲಿಂದಾಚೆ ಬರೀ ಬಂಡೆ, ಹಿಡಿದುಕೊಳ್ಳಲು ಕಬ್ಬಿಣದ ಸರಳು. ತಲೆಯೆತ್ತಿ ನೋಡಿದೆ, ಕೂತುಬಿಟ್ಟೆ.

ಸಹನಾ ಕೈ ಚಾಚಿದಳು. “ಏಳ್ರಿ, ನಾನ್ ಹಿಡ್ಕಂತೀನಿ.”

“ನನ್ ಕೈಲಾಗಲ್ಲ ಕಣೆ. ನಂಗೆ ಭಯ.”

ಅವಳು ನನ್ನನ್ನೇ ನೋಡಿದಳು. “ಭಯಾನಾ? ನನ್ನ ಕರ್ಕೊಂಡು ಹೋಗಾಕೆ ನಿಮಗೆ ಮನಸಿಲ್ಲ ಅನ್ಕೊಂಡಿದ್ನಲ್ರೀ ಇಷ್ಟು ದಿನ!”

ಮುಖಕ್ಕೆ ಹೊಡೆದಂತಾಯಿತು. ಅವಳು ಸೆರಗು ಸಿಕ್ಕಿಸಿಕೊಂಡು, ನಿಲ್ಮಿಣಿಯನ್ನು ಮುಂದೆ ಬಿಟ್ಟುಕೊಂಡು ಸರಳು ಹಿಡಿದು ಹೊರಟಳು. ಸುನಿಲ್ ಮೆಲ್ಲಗೆ ಬಂದು ನನ್ನ ಪಕ್ಕ ಕುಳಿತ. ಹೆಂಗಸರು ತಿರುವಿನಲ್ಲಿ ಮರೆಯಾದಮೇಲೆ, “ನನಗೂ ಎತ್ತರ ಆಗದು. ನಿನ್ನೆ ಆ ಮುದ್ದೆಗಳನ್ನೆಲ್ಲ ಯಾಕೆ ನುಂಗಿದೆ ಅಂದುಕೊಂಡೆ?” ಅಂದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಕ್ಕಮೇಲೆ ನನಗೆ ಅಳು ಬಂದಂತಾಯಿತು.

ಕಾದು ಕಾದು ಸಾಕಾದಮೇಲೆ ಫೋನು ಬಂತು. ಸಹನಾ ಏದುಸಿರು ಬಿಡುತ್ತಿದ್ದಳು. “ರೀ, ತುದೀಗೆ ಬಂದ್ಬುಟ್ಟೆ! ನಮ್ಮನೆ ಕಾಣ್ತೈತೆ. ತಾರಸಿ ಮ್ಯಾಲೆ ನಿಮ್ಮ ಲುಂಗಿನೂ ಕಾಣ್ತೈತೆ.” ಹೊಸ ಮದುಮಗಳಾಗಿ ಕಿಟಕಿಯಲ್ಲಿ ನಿಂತು ಕೇಳಿದ್ದಳಲ್ಲ, ಅದೇ ದನಿ. ಅದನ್ನು ಇಷ್ಟು ವರ್ಷ ಅಡುಗೆಮನೆಯಲ್ಲೇ ಕೂಡಿಹಾಕಿದವನು ನಾನೇ.

ಮಾರನೆಯ ದಿನ ಅಭ್ಯಾಸಬಲದಿಂದ ತಾರಸಿಗೆ ಹೋದೆ. ಫೋಟೊ ತೆಗೆಯಲಿಲ್ಲ. ಅವಳು ಮೇಲಿಂದ ತೆಗೆದದ್ದನ್ನೇ ಸುನಿಲನಿಗೆ ಕಳಿಸಿದೆ. ಅದರಲ್ಲಿ ಬೆಟ್ಟವೇ ಇರಲಿಲ್ಲ. ಊರಿತ್ತು, ನಮ್ಮ ತಾರಸಿಯಿತ್ತು, ಚುಕ್ಕಿಯಷ್ಟು ಲುಂಗಿಯಿತ್ತು. ‘ನನ್ನ’ ಎಂದು ಟೈಪು ಮಾಡಿ, ನಾಚಿಕೆಯಾಗಿ ಅಳಿಸಿ, ಬರೀ ಶುಭೋದಯ ಹೇಳಿದೆ.