ನನ್ನ ನಂಬರಿಗೆ ಬಂದ ಮೂರು ಮೆಸೇಜು

ರೋಣದ ತಹಶೀಲ್ದಾರ ಕಚೇರಿಯ ಎದುರು ನನ್ನದೊಂದು ಝೆರಾಕ್ಸ್ ಅಂಗಡಿ. ಝೆರಾಕ್ಸ್ ಎಂಬುದು ಬೋರ್ಡಿಗೆ ಮಾತ್ರ, ನಿಜವಾದ ಕಸುಬು ಅರ್ಜಿ ತುಂಬುವುದು. ಪಿಂಚಣಿ, ರೇಷನ್, ಗ್ಯಾಸು, ಸಾಲ, ಯಾವ ಅರ್ಜಿಯಾದರೂ ಮೊಬೈಲ್ ನಂಬರಿನ ಖಾನೆಗೆ ಬಂದಾಗ ಕೈ ನಿಲ್ಲುತ್ತಿತ್ತು. ಫೋನಿಲ್ಲದವರು, ಇದ್ದರೂ ಅದು ಮಗನ ಕಿಸೆಯಲ್ಲಿರುವವರು, "ನಿಮ್ದ ಹಾಕ್ರಿ ಅತ್ಲಾಗ" ಅನ್ನುತ್ತಿದ್ದರು. ನಾನು ಹಾಕುತ್ತಿದ್ದೆ. ಊರಿನ ಎಷ್ಟೋ ಅಜ್ಜಿಯರ ಸಿಲಿಂಡರಿನ ಸುದ್ದಿ ನನ್ನ ಫೋನಿಗೇ ಬರುತ್ತಿತ್ತು, ನಾನು ಹೊಸಿಲಲ್ಲಿ ನಿಂತು ಕೂಗಿ ಹೇಳುತ್ತಿದ್ದೆ. ಅದಕ್ಕೆ ಒಂದು ಪೈಸೆಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಎಲ್ಲರೂ ನನ್ನನ್ನು ಭಾಳ ಚಲೋ ಮನುಷ್ಯ ಅನ್ನುತ್ತಿದ್ದರು, ನಾನೂ ಹಾಗೆಯೇ ನಂಬಿದ್ದೆ.

ಅಂಗಡಿಯ ಹಿಂದಿನ ಓಣಿಯಲ್ಲಿ ಗಾದಿ ಮಾಡುವ ಹೆಂಗಸೊಬ್ಬಳಿದ್ದಳು. ಅಸೂಟಿಯಿಂದ ಮದುವೆಯಾಗಿ ಬಂದವಳು. ಗಂಡ ತೀರಿಕೊಂಡ ಮೇಲೆ ಅವನ ಹತ್ತಿ ಹಿಂಜುವ ಯಂತ್ರವನ್ನು ತಾನೇ ನಡೆಸುತ್ತಿದ್ದಳು. ಓಣಿಯವರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು, ನಾನೂ ಅನ್ನುತ್ತಿದ್ದೆ. ಹುಬ್ಬಿನ ಮೇಲೆ, ಸೆರಗಿನ ತುದಿಯಲ್ಲಿ ಯಾವಾಗಲೂ ಹತ್ತಿಯ ಎಳೆ ಅಂಟಿಕೊಂಡಿರುತ್ತಿತ್ತು. ಅಳತೆಪಟ್ಟಿ ಇಲ್ಲದೆ, ಮೊಳಕೈಯಿಂದಲೇ ಅಳೆದು, ದಬ್ಬಣ ಹಿಡಿದು ಕೂತರೆ ಮಧ್ಯಾಹ್ನದೊಳಗೆ ಒಂದು ಗಾದಿ ಎದ್ದು ನಿಲ್ಲುತ್ತಿತ್ತು.

ಯಂತ್ರದ ಮೋಟರು ಬದಲಿಸಲು ಆಕೆ ಹೆಣ್ಣುಮಕ್ಕಳ ಗುಂಪಿನಲ್ಲಿ ಸಾಲ ತೆಗೆದಳು. ಅರ್ಜಿ ತುಂಬಿದವನು ನಾನು. ನಂಬರೂ ನನ್ನದೇ. ಪ್ರತಿ ಮಂಗಳವಾರ ವಸೂಲಿಯವನು ಓಣಿಯ ಕಟ್ಟೆಗೆ ಬರುತ್ತಿದ್ದ, ಆಕೆ ಕಂತು ಕಟ್ಟಿ ಕಾರ್ಡಿನ ಮೇಲೆ ಸಿಕ್ಕಾ ಹಾಕಿಸಿಕೊಳ್ಳುತ್ತಿದ್ದಳು. ಹೆರಿಗೆಯಾದ ಮಗಳನ್ನು ನೋಡಲು ಹೋದ ವಾರವೂ ಪಕ್ಕದವಳ ಕೈಯಲ್ಲಿ ಕಳಿಸಿದ್ದಳು. ಸಾಲ ಮುಗಿದ ದಿನ ಕಾರ್ಡನ್ನು ದಿಂಬಿನ ಗವಸಿನಲ್ಲಿಟ್ಟು ಬಾಯಿ ಹೊಲಿದುಬಿಟ್ಟಳು.

ಮರುವರ್ಷ ಯಂತ್ರವಿದ್ದ ಕೋಣೆಯ ಮಾಲೀಕ ಕೋಣೆ ಮಾರಲು ನಿಂತ. ಒಳ್ಳೆಯವನೇ, ಮೊದಲು ಆಕೆಯನ್ನೇ ಕೇಳಿದ. ಒಂದು ತಿಂಗಳ ವಾಯಿದೆ ಕೊಟ್ಟ. ಹತ್ತಿಯ ದೂಳು, ಮೋಟರಿನ ಗದ್ದಲ ಅಂತ ಆಕೆಗೆ ಬೇರೆ ಯಾರೂ ಕೋಣೆ ಬಾಡಿಗೆಗೆ ಕೊಡುವವರಿರಲಿಲ್ಲ. ಕೋಣೆ ಹೋದರೆ ಕಸುಬೇ ಹೋದಂತೆ. ಕೂಡಿಟ್ಟಿದ್ದು ಒಂದಷ್ಟಿತ್ತು, ಉಳಿದದ್ದಕ್ಕೆ ಬ್ಯಾಂಕಿಗೆ ಹೋದೆವು. ಸಾಹೇಬರು ಪರದೆ ನೋಡಿ ತಲೆ ಅಲ್ಲಾಡಿಸಿದರು.

"ನಿಮ್ಮ ಹೆಸರಿನ ಮ್ಯಾಲ ಮೂರು ಕಂತು ಬಾಕಿ ತೋರಸ್ತೈತ್ರಿ. ನಮ್ಮ ಕೈಯಾಗ ಏನಿಲ್ಲ."

"ಎಲ್ಲಾ ಕಟ್ಟೇನ್ರಿ ಸಾಹೇಬ್ರ. ಕಾರ್ಡ ಐತ್ರಿ."

"ಕಾರ್ಡ ಅಲ್ರಿ, ಇದು ಏನ್ ಹೇಳತೈತಿ ಅದs ಖರೇ."

ಅದೇ ವಾರ ವಸೂಲಿಯ ಹೊಸ ಮಂದಿ ಇಬ್ಬರು ಬೈಕಿನ ಮೇಲೆ ಖಾಲಾಳ ಕೋಣೆಗೆ ಬಂದರು. ಬೆಳವಣಕಿಯಿಂದ ಒಂದು ಮನೆಯವರು ಮಗಳ ಮದುವೆಗೆ ಗಾದಿ ಹೇಳಲು ಬಂದು ಬಟ್ಟೆ ಆರಿಸುತ್ತಿದ್ದರು. ಬಂದವರಲ್ಲಿ ಒಬ್ಬ ಹೊಸ ಗಾದಿಯ ಮೇಲೆ ಬೂಟುಗಾಲು ಮಡಚಿ ಕೂತು, "ಸಾಲ ಮುಳಗಿಸಿದಾಕಿ ಕಡೆ ಮಗಳ ಗಾದಿ ಮಾಡಸ್ತೀರೇನ್ರಿ?" ಅಂದ. ಬೆಳವಣಕಿಯವರು ಮುಖ ಮುಖ ನೋಡಿಕೊಂಡು, ಬಟ್ಟೆ ಮಡಚಿಟ್ಟು, ಬರತೇವ್ರಿ ಎಂದು ಹೋದರು. ಮತ್ತೆ ಬರಲಿಲ್ಲ.

ಅಲ್ಲೇ ನಿಂತಿದ್ದ ನನಗೆ ಮೈ ಉರಿದುಹೋಯಿತು. ಅಂಗಡಿಗೆ ಓಡಿ ವಸೂಲಿಯ ನಿಯಮ ಪ್ರಿಂಟು ತೆಗೆದು ತಂದು ಅವನ ಮೂಗಿಗೆ ಹಿಡಿದೆ. "ಮಂದಿ ಮುಂದ ಸಾಲದ ಮಾತು ಎತ್ತೂ ಹಂಗಿಲ್ಲ. ಮನಿಗೆ ಬಂದು ಮಾನ ಕಳಿಯೂ ಹಂಗಿಲ್ಲ. ನಿನ್ನ ಗುರುತಿನ ಚೀಟಿ ತಗಿ" ಅಂದೆ. ಚೀಟಿ ಇರಲಿಲ್ಲ. ಇಬ್ಬರೂ ಗೊಣಗುತ್ತ ಗಾಡಿ ಹತ್ತಿದರು. ಓಣಿಯವರೆಲ್ಲ ನನ್ನನ್ನು ವಕೀಲಸಾಹೇಬ್ರ ಎಂದು ಚುಡಾಯಿಸಿದರು. ನಾನು ಉಬ್ಬಿದೆ, ಸುಳ್ಳು ಯಾಕೆ ಹೇಳಲಿ.

ಬ್ಯಾಂಕಿನವರು ಪರದೆಯ ಮೇಲೆ ನೋಡುವ ಸಾಲದ ಚರಿತ್ರೆಯ ವರದಿಯನ್ನು ವರ್ಷಕ್ಕೊಮ್ಮೆ ಯಾರಾದರೂ ಪುಕ್ಕಟೆ ಕೇಳಿ ಪಡೆಯಬಹುದು. ತಪ್ಪಿದ್ದರೆ ತಕರಾರು ಹಾಕಬಹುದು, ಮೂವತ್ತು ದಿನದೊಳಗೆ ಅವರು ಸರಿಪಡಿಸಬೇಕು, ತಡವಾದರೆ ದಿನಕ್ಕೆ ನೂರು ರೂಪಾಯಿ ಕೊಡಬೇಕು. ಇದೆಲ್ಲ ನನಗೆ ಬಾಯಿಪಾಠ. ವರದಿ ತೆಗೆದು, ದಿಂಬಿನ ಹೊಲಿಗೆ ಬಿಚ್ಚಿಸಿ ಕಾರ್ಡಿನ ಝೆರಾಕ್ಸ್ ಮಾಡಿ, ತಕರಾರು ಹಾಕಿದೆ. ಆಮೇಲೆ ಇಬ್ಬರೂ ಗಜೇಂದ್ರಗಡಕ್ಕೆ ಬಸ್ಸು ಹತ್ತಿದೆವು. ಸಾಲ ಕೊಟ್ಟವರ ಕಚೇರಿ ಅಲ್ಲಿತ್ತು.

ಮ್ಯಾನೇಜರು ಕಾರ್ಡಿನ ಸಿಕ್ಕಾ ನೋಡಿ ಬೆವರು ಒರೆಸಿಕೊಂಡ. ಕೊನೆಯ ಮೂರು ಮಂಗಳವಾರದ ದುಡ್ಡನ್ನು ಹಳೇ ವಸೂಲಿಯವನು ನುಂಗಿ ಕೆಲಸ ಬಿಟ್ಟು ಹೋಗಿದ್ದ. "ತಪ್ಪು ನಮ್ದ ಐತ್ರಿ, ಸರಿ ಮಾಡ್ತೀವಿ" ಎಂದ. ಆಮೇಲೆ ತನ್ನ ಮಾನ ಉಳಿಸಿಕೊಳ್ಳಲೆಂದೋ ಏನೋ, ಒಂದು ಮಾತು ಸೇರಿಸಿದ.

"ಆದ್ರ ಬಾಕಿ ಅಂತ ಬರಿಯೂಕಿಂತ ಮೊದಲ ನಾವು ಗಿರಾಕಿಗೆ ತಿಳಸಬೇಕು ಅಂತ ಐತ್ರಿ. ತಿಳಿಸೇವಿ. ಮೂರು ಸರ್ತಿ ಮೆಸೇಜ್ ಹೋಗೈತಿ. ನಂಬರ್ ಇದs ಅಲ್ಲೇನ್ರಿ?"

ಅವನು ಒಂದೊಂದೇ ಅಂಕಿ ಓದಿದ. ಖಾಲಾ ನನ್ನ ಮುಖ ನೋಡಿದಳು. ಇಂಗ್ಲಿಷ್ ಅಂಕಿ ಆಕೆಗೆ ತಿಳಿಯುತ್ತಿರಲಿಲ್ಲ. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತೆ.

ಮರಳಿ ಬರುವ ಬಸ್ಸಿನಲ್ಲಿ ಫೋನು ತೆಗೆದೆ. ಒಟಿಪಿ, ಸಿಲಿಂಡರು ಬಿಟ್ಟು ಬೇರೆ ಮೆಸೇಜು ತೆರೆಯುವ ರೂಢಿ ನನಗಿರಲಿಲ್ಲ. ಸಾವಿರಾರು ಬಿದ್ದಿದ್ದವು. ಹುಡುಕಿದರೆ ಮೂರೂ ಸಿಕ್ಕವು, ಅದೂ ಕನ್ನಡದಲ್ಲಿ. ನಿಮ್ಮ ಕಂತು ಜಮಾ ಆಗಿಲ್ಲ, ತಪ್ಪಿದ್ದರೆ ಕೂಡಲೇ ತಿಳಿಸಿ. ಎಂಟು ತಿಂಗಳ ಹಿಂದಿನವು. ಅವತ್ತು ಓದಿದ್ದರೆ ಕಾರ್ಡು ಹಿಡಿದು ಒಂದು ಸಲ ಗಜೇಂದ್ರಗಡಕ್ಕೆ ಹೋಗಿ ಬಂದರೆ ಮುಗಿಯುತ್ತಿತ್ತು.

"ಯಾವ ನಂಬರಪಾ ಅದು?" ಖಾಲಾ ಕೇಳಿದಳು.

"ಅವ್ರದs ಏನೋ ಕಂಪ್ಯೂಟರಿಂದು ಬಿಡ್ರಿ" ಅಂದೆ. ಆಕೆ ನಂಬಿದಳು. ನನಗೆ ನನ್ನ ಮೇಲೆಯೇ ಹೇಸಿಕೆಯಾಯಿತು, ಆದರೂ ಫೋನು ಕಿಸೆಗೆ ಹಾಕಿಕೊಂಡೆ.

ತಕರಾರು ಹಾಕಿದ ಇಪ್ಪತ್ತೆಂಟನೆಯ ದಿನ ವರದಿ ಸರಿಯಾಯಿತು. ಮೂವತ್ತರೊಳಗೇ ಆದ್ದರಿಂದ ನೂರು ರೂಪಾಯಿಯ ಮಾತೂ ಇಲ್ಲ. ಎಲ್ಲವೂ ಕಾನೂನಿನ ಪ್ರಕಾರವೇ ನಡೆಯಿತು. ಅಷ್ಟರಲ್ಲಿ ಕೋಣೆಯ ವಾಯಿದೆ ಮುಗಿದಿತ್ತು. ವರದಿ ಸರಿಯಾಗುವ ನಾಲ್ಕು ದಿನ ಮುಂಚೆ ನರಗುಂದದ ವ್ಯಾಪಾರಿಯೊಬ್ಬ ಮುಂಗಡ ಕೊಟ್ಟು ಕರಾರುಪತ್ರ ಬರೆಸಿಕೊಂಡಿದ್ದ. ಅದರ ಛಾಪಾಕಾಗದ ಟೈಪು ಮಾಡಿದವನೂ ನಾನೇ, ಬೇರೆ ಅಂಗಡಿಗೆ ಹೋಗಿ ಅನ್ನಲು ನನಗೆ ಧೈರ್ಯವಾಗಲಿಲ್ಲ. ಯಂತ್ರವನ್ನು ನಾಲ್ಕು ಜನ ಹೊತ್ತು ಖಾಲಾಳ ಹಿತ್ತಲಿಗೆ ತಂದು ತಾಡಪತ್ರಿ ಮುಚ್ಚಿದರು.

ಎರಡು ತಿಂಗಳಾದ ಮೇಲೆ ಆಕೆ ವಿಧವಾ ಪಿಂಚಣಿಯ ಅರ್ಜಿ ತುಂಬಿಸಲು ಬಂದಳು. ಕಸುಬು ನಡೆಯುವಾಗ ಅದು ಬೇಡವೇ ಬೇಡ ಅಂದಿದ್ದವಳು. ಕಂಕುಳಲ್ಲಿ ಒಂದು ಹೊಸ ದಿಂಬಿತ್ತು. ಹತ್ತಿಯನ್ನು ಕೈಯಿಂದಲೇ ಬಿಡಿಸಿ ತುಂಬಿದ್ದೇನೆ ಎಂದು ಕೌಂಟರಿನ ಮೇಲಿಟ್ಟಳು.

"ನೀ ಇರಲಿಲ್ಲಂದ್ರ ನಾ ಕಳ್ಳಿ ಅಂತs ಉಳೀತಿದ್ದೆ ತಮ್ಮಾ. ಇದು ನಿನ್ನ ತಲಿಗೆ."

ಹೆಸರು, ವಯಸ್ಸು, ವಿಳಾಸ ಬರೆದೆ. ನಂಬರಿನ ಖಾನೆ ಬಂತು.

"ನಿಂದs ಹಾಕು" ಅಂದಳು. ಅದು ಕೇಳುವ ಮಾತೇ ಅಲ್ಲ ಎನ್ನುವಂತೆ.

ಪೆನ್ನು ಕೆಳಗಿಟ್ಟು ಹೇಳಿದೆ. ಗಜೇಂದ್ರಗಡದಲ್ಲಿ ಓದಿದ್ದು ನನ್ನ ನಂಬರೆಂದೂ, ಮೆಸೇಜು ಬಂದು ಬಿದ್ದಿದ್ದವೆಂದೂ, ಬಸ್ಸಿನಲ್ಲಿ ಸುಳ್ಳು ಹೇಳಿದೆನೆಂದೂ ಹೇಳಿದೆ. ಆಕೆ ಫೋನಿನ ಕಡೆ ಕೈ ಮಾಡಿದಳು. "ಓದು." ಮೂರೂ ಓದಿದೆ.

"ಅವತ್ತ ಓದಿದ್ದಿದ್ರ ಖೋಲಿ ಉಳೀತಿತ್ತು?"

"ಉಳೀತಿತ್ತ್ರಿ."

ಬೈದಿದ್ದರೆ ಚಲೋ ಇತ್ತು. ಬೈಯಲಿಲ್ಲ. ಅರ್ಜಿ ಮಡಚಿಕೊಂಡು, "ಝೆರಾಕ್ಸಿಂದು ಎಷ್ಟಾತ್ರಿ?" ಎಂದಳು. ಹದಿನೈದು ವರ್ಷದಲ್ಲಿ ಆಕೆ ನನ್ನನ್ನು ಹಾಗೆ ಕೇಳಿದ್ದೂ ಇಲ್ಲ, ನನಗೆ ರೀ ಹಚ್ಚಿ ಮಾತಾಡಿದ್ದೂ ಇಲ್ಲ. ಬೇಡ ಅಂದೆ. ಹತ್ತು ರೂಪಾಯಿ ಕೌಂಟರಿನ ಮೇಲಿಟ್ಟು, ದಿಂಬನ್ನು ಎತ್ತಿ ಮತ್ತೆ ಕಂಕುಳಲ್ಲಿ ಇಟ್ಟುಕೊಂಡು ಹೊರಟಳು. ಚಿಲ್ಲರೆ ತಗೊಳ್ರಿ ಎಂದು ಕೂಗಿದೆ, ತಿರುಗಿ ನೋಡಲಿಲ್ಲ.