ಯಲ್ಲಕ್ಕನ ಇದ್ದಿಲ ಚೀಲ

ಯಲ್ಲಕ್ಕನಿಗೆ ಬಾಯಿ ಜೋರು ಎನ್ನುತ್ತಾರೆ ಜಯಪುರದ ಜನ. ಇರಲಿ ಬಿಡಿ. ಕಂಡವರ ತೋಟದಲ್ಲಿ ಜೀವ ತೇಯ್ದವಳಿಗೆ ಉಳಿದಿರುವುದು ಅದೊಂದೇ. ನಾನು ಇಲ್ಲಿ ಆಟೋ ಓಡಿಸುವವನು. ಅವಳ ಬೈಗುಳ ನಾನೂ ತಿಂದಿದ್ದೇನೆ, ಆದರೂ ಅವಳ ಪರವಾಗಿಯೇ ಹೇಳುತ್ತೇನೆ.

ಮದುವೆಯಾಗಿ ಬಂದಂದಿನಿಂದ ಅವಳು ಗೊಬ್ಬರ ಹೊತ್ತಳು, ಅಡಿಕೆ ಸುಲಿದಳು. ಗಂಡ ಸತ್ತ ಮೇಲೂ ಅದನ್ನೇ ಮಾಡಿ ಮಗಳು ರೇಖಾಳನ್ನು ಸಾಕಿದಳು. ಈಗ ರೇಖಾ ಮತ್ತು ಅವಳ ಪುಟ್ಟ ಮಗಳ ಜೊತೆ ಹಳ್ಳದ ಬದಿಯ ಮನೆಯಲ್ಲಿದ್ದಾಳೆ. ಅಲ್ಲಿನ ನಾಲ್ಕಾರು ಮನೆಗಳಿಗೆ ಕುಡಿಯಲು ಆ ಹಳ್ಳದ ನೀರೇ ಗತಿ.

ಹಳ್ಳದ ಮೇಲ್ಗಡೆ ರಘುಪತಿಯವರ ಅಡಿಕೆ ತೋಟ. ಕೊಳೆರೋಗ ಬಾರದಿರಲೆಂದು ಮೈಲುತುತ್ತ, ಸುಣ್ಣ ಕಲಸಿ ಗೊನೆಗೆ ಹೊಡೆಸುವುದು ಎಲ್ಲರೂ ಮಾಡುವುದೇ. ಆದರೆ ಇವರು ಕಲಸುವ ಡ್ರಮ್ಮುಗಳನ್ನು ಇಡಿಸುವುದು ಹಳ್ಳದ ದಂಡೆಯಲ್ಲಿ, ತೊಳೆದು ಚೆಲ್ಲಿಸುವುದು ಹಳ್ಳಕ್ಕೇ. ನೀರು ಎತ್ತಲು ಸುಲಭವಂತೆ! ಮೈಲುತುತ್ತ ಎಂದರೆ ತಾಮ್ರ. ಕೆಳಗಿನ ಮನೆಗಳಲ್ಲಿ ನೀರು ಒಗರಾಯಿತು. ಯಲ್ಲಕ್ಕನ ಮೊಮ್ಮಗಳು ಕುಡಿದದ್ದನ್ನೆಲ್ಲ ಕಕ್ಕತೊಡಗಿದಳು.

ಯಲ್ಲಕ್ಕ ಕೇಳಲು ಹೋದಳು. ರಘುಪತಿಯವರು ಜಗಲಿಯಲ್ಲಿ ಕೂತು ನಕ್ಕರಂತೆ. "ತಾಮ್ರದ ಚೊಂಬಲ್ಲಿ ನೀರಿಟ್ಟು ಕುಡೀರಿ ಅಂತ ಎಲ್ರೂ ಹೇಳ್ತಾರೆ ಮಾರಾಯ್ತಿ. ನಿಮಗೆ ಚೊಂಬಿಲ್ದೇ ಸಿಗ್ತಾ ಇದೆ. ಎಂತ ಆಗಲ್ಲ, ಹೋಗು."

ಇದನ್ನು ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ಬಡವರ ಮಗು ವಾಂತಿ ಮಾಡಿದರೆ ಇವರಿಗೆ ತಮಾಷೆ.

ಕೊನೆಗೆ ಕೊಪ್ಪದಲ್ಲಿ ಕೆಮಿಸ್ಟ್ರಿ ಪಾಠ ಮಾಡುವ ಅರ್ಪಣಾ ಮೇಡಂ ನೀರನ್ನು ಪರೀಕ್ಷೆ ಮಾಡಿಸಿದರು. ಅಡಿಕೆ ಸಿಪ್ಪೆಯಿಂದ ಇದ್ದಿಲು ಮಾಡಿ, ಮರಳಿನ ಜೊತೆ ಪೀಪಾಯಿಗೆ ತುಂಬಿ, ಒಂದು ಫಿಲ್ಟರ್ ನಿಲ್ಲಿಸಿದರು. ತಾಮ್ರ ಇದ್ದಿಲಿಗೆ ಅಂಟಿಕೊಳ್ಳುತ್ತದೆ, ಕೆಳಗಿನ ನಲ್ಲಿಯಲ್ಲಿ ಒಳ್ಳೆಯ ನೀರು ಬರುತ್ತದೆ. ಇದ್ದಿಲಿನ ಚೀಲ ತಂದು ಹಾಕುವ ಕೆಲಸ ನನ್ನದು. ಮಗುವಿನ ವಾಂತಿ ನಿಂತಿತು. ಯಲ್ಲಕ್ಕ ಅಂದು ನನಗೆ ಬೈಯದೆ ಕಾಫಿ ಕೊಟ್ಟಳು.

ಅವಳಿಗಿಂತ ಹೆಚ್ಚು ಖುಷಿಯಾದದ್ದು ರಘುಪತಿಯವರಿಗೆ. "ಫಿಲ್ಟರ್ ಬಂತಲ್ಲ, ಇನ್ನೆಂತ ತಕರಾರು?" ಎಂದು ಎರಡನೇ ಸಲ ಔಷಧಿ ಹೊಡೆಸುವಾಗ ಇನ್ನಷ್ಟು ಡ್ರಮ್ಮು ದಂಡೆಗೆ ತರಿಸಿದರು. ನಾಚಿಕೆ ಎನ್ನುವುದು ಬೇಡವೇ? ಇದ್ದಿಲು ಎಷ್ಟೆಂದು ಹಿಡಿದೀತು! ಬೇಗ ಬೇಗ ಬದಲಿಸಬೇಕಾಯಿತು.

ಇದ್ದಿಲನ್ನು ಎಸೆಯುವ ಅಭ್ಯಾಸ ನಮ್ಮ ಕಡೆ ಯಾರಿಗೂ ಇಲ್ಲ. ಯಲ್ಲಕ್ಕ ಹಳೆಯ ಇದ್ದಿಲನ್ನು ಒಣಗಿಸಿ ಬಚ್ಚಲ ಒಲೆಗೆ ಹಾಕಿದಳು, ಅದರ ಬೂದಿಯಲ್ಲಿ ಪಾತ್ರೆ ತಿಕ್ಕಿದಳು. ನೋಡಲು ಬಂದ ಮೇಡಂ ಗಾಬರಿಯಾದರು.

"ಯಲ್ಲಕ್ಕ, ತಾಮ್ರ ಸುಟ್ಟು ಹೋಗಲ್ಲ. ಬೂದೀಲೇ ಉಳಿಯುತ್ತೆ. ಪಾತ್ರೆ ತೊಳೆದ ನೀರಲ್ಲಿ ಮತ್ತೆ ಹಳ್ಳಕ್ಕೇ ಹೋಗುತ್ತೆ."

"ಮತ್ತೆ ಎಲ್ಲಿ ಹಾಕ್ಲಿ ಮೇಡಮ್ಮೋರೆ?"

"ಯಾರಾದ್ರೂ ತಗೊಂಡು ಹೋಗ್ತಾರಾ ಅಂತ ಕೇಳ್ತಾ ಇದೀನಿ. ಅಲ್ಲೀತನಕ ಚೀಲದಲ್ಲಿ ಕಟ್ಟಿಡಿ."

ಯಾರೂ ಬರಲಿಲ್ಲ. ಮಗು ಅಂಬೆಗಾಲಿಡುವ ಹಿತ್ತಿಲಲ್ಲಿ ಚೀಲಗಳು ಗೋಡೆಯೆತ್ತರ ನಿಂತವು. ಒಂದು ಬೆಳಿಗ್ಗೆ ಮಗು ಚೀಲದ ತೂತಿಗೆ ಕೈಹಾಕಿ ಇದ್ದಿಲನ್ನು ಬಾಯಿಗಿಟ್ಟುಕೊಂಡಿತು. ಯಲ್ಲಕ್ಕ ಅದರ ಬಾಯಿ ತೊಳೆಸಿ, ಸೀದಾ ಆಟೋ ಸ್ಟ್ಯಾಂಡಿಗೆ ಬಂದಳು. "ಆಟೋ ತೆಗಿ. ಅವ್ರ ವಿಷ ಸೋಸೋದೂ ನಾವೇ, ಮನೇಲಿಟ್ಟು ಕಾಯೋದೂ ನಾವೇ? ಏಳು, ಎಂತ ಬಾಯಿ ಬಿಟ್ಕೊಂಡು ಕೂತಿದ್ದೀಯ!"

ಹಿಡಿದಷ್ಟು ಚೀಲ ತುಂಬಿಕೊಂಡು ರಘುಪತಿಯವರ ಅಂಗಳಕ್ಕೆ ಹೋದೆವು. ಎಲ್ಲವನ್ನೂ ಇಳಿಸಿ, ಅವಳು ಒಂದು ಚೀಲದ ಬಾಯಿ ಬಿಚ್ಚಿದಳು. ರಘುಪತಿಯವರು ಚಪ್ಪಲಿಯೂ ಇಲ್ಲದೆ ಓಡಿಬಂದರು.

"ಏ ಏ, ಇಲ್ಲಿ ಸುರೀಬೇಡ ಮಾರಾಯ್ತಿ! ಬಾವಿ ಇಲ್ಲೇ ಇದೆ. ಮಳೆ ಬಂದ್ರೆ ಎಲ್ಲ ಅದಕ್ಕೇ ಇಳಿಯುತ್ತೆ. ನಮ್ಮ ಮಕ್ಳು ಮರಿ ಕುಡಿಯೋ ನೀರು!"

ಹೇಳಿಬಿಟ್ಟ ಮೇಲೆ ತಮ್ಮ ಮಾತು ಅವರಿಗೇ ಕೇಳಿಸಿತೆಂದು ಕಾಣುತ್ತದೆ. ಮುಖ ಕೆಳಗಾಯಿತು. ನನಗೆ ಅಯ್ಯೋ ಅನ್ನಿಸಲಿಲ್ಲ, ಚೂರೂ ಅನ್ನಿಸಲಿಲ್ಲ.

ಯಲ್ಲಕ್ಕ ಚೀಲದ ಪಕ್ಕದಲ್ಲೇ ಕೂತಳು. "ಹಳ್ಳದಿಂದ ಡ್ರಮ್ಮು ಎತ್ಸಿ ಒಡೇರೆ. ಅಲ್ಲೀತನಕ ಈ ಬಾಯಿ ಕಟ್ಟಲ್ಲ."

ಮೋಡ ಕಪ್ಪಾಗುತ್ತಿತ್ತು. ರಘುಪತಿಯವರು ಒಮ್ಮೆ ಆಕಾಶ ನೋಡಿದರು, ಒಮ್ಮೆ ಬಾವಿ ನೋಡಿದರು, ಆಮೇಲೆ ಆಳುಗಳನ್ನು ಕೂಗಿದರು. ಕೊನೆಯ ಡ್ರಮ್ಮು ಗುಡ್ಡದ ಮೇಲಕ್ಕೆ ಹೋದದ್ದನ್ನು ಕಣ್ಣಾರೆ ನೋಡಿ ಬಂದ ಮೇಲೇ ಅವಳು ಚೀಲಕ್ಕೆ ಹಗ್ಗ ಬಿಗಿದಳು.

ನಾನು ಚೀಲಗಳನ್ನು ವಾಪಸ್ ಆಟೋಗೆ ಹಾಕಲು ಹೋದೆ. ಅವಳು ನನ್ನ ಕೈ ತಟ್ಟಿ ಬಿಡಿಸಿದಳು.

"ಅದೆಲ್ಲ ಅವ್ರದ್ದು. ಅಲ್ಲೇ ಇರ್ಲಿ."