ಕರೆಂಟ್ ಹೋದಾಗ ಕೇಳಿದ ಮಗ್ಗ

ಇಂಥವನ್ನೆಲ್ಲ ನಾನು ನಂಬಿದವನಲ್ಲ. ಗಾಳಿ ಸೋಕಿತು, ಸತ್ತವರು ಕರೆದರು ಎಂದು ಯಾರಾದರೂ ಹೇಳಿದರೆ ಅವರನ್ನು ಚಹಾದಂಗಡಿಯ ಮುಂದೆ ಕೂರಿಸಿಕೊಂಡು ಗೋಳು ಹೊಯ್ದುಕೊಳ್ಳುತ್ತಿದ್ದವನು. ಈಗ ನಾನೇ ಅಂಥದ್ದೊಂದನ್ನು ಹೇಳಲು ಕುಳಿತಿದ್ದೇನೆ. ನೀವು ನಕ್ಕರೆ ನನಗೆ ಬೇಸರವಿಲ್ಲ.

ನಮ್ಮದು ಬನಹಟ್ಟಿಯ ನೇಕಾರರ ಮನೆ. ಅಪ್ಪ ನಡುಮನೆಯ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಕೈಮಗ್ಗದಲ್ಲಿ ಸೀರೆ ನೇಯುತ್ತಿದ್ದ. ನಾನು ಹಿತ್ತಿಲಲ್ಲಿ ಶೆಡ್ ಹಾಕಿ ಪವರ್‌ಲೂಮ್ ಕೂಡಿಸಿದೆ. ಅಪ್ಪನಿಗೆ ವಯಸ್ಸಾದ ಮೇಲೆ ಕೈಮಗ್ಗ ಬಿಚ್ಚಿ, ಕುಣಿ ಮುಚ್ಚಿ, ಮೇಲೆ ಫರಸಿ ಕಲ್ಲು ಹಾಕಿಸಿದೆವು. ಅದಾಗಿ ಎಷ್ಟೋ ವರ್ಷವಾಗಿತ್ತು.

ಅಪ್ಪ ತೀರಿಕೊಂಡ ಮೇಲೆ ನನಗೆ ಎದೆ ಹೊಡೆದುಕೊಳ್ಳುವುದು ಶುರುವಾಯಿತು. ಮಹಾಲಿಂಗಪುರದ ಬಸ್ ನಿಲ್ದಾಣದಲ್ಲಿ ಒಮ್ಮೆ, ಸತ್ತೇಹೋದೆ ಎಂದುಕೊಂಡು ಕಂಬ ಹಿಡಿದು ಕುಳಿತುಬಿಟ್ಟೆ. ಹೃದಯಕ್ಕೇನೂ ಆಗಿಲ್ಲ, ಇದು ಆತಂಕ ಎಂದು ಡಾಕ್ಟರೊಬ್ಬರು ಗುಳಿಗೆ ಬರೆದುಕೊಟ್ಟರು. ಕೆಲವೇ ವಾರಕ್ಕೆ ಎಂದೂ ಹೇಳಿದ್ದರು. ನುಂಗಿದರೆ ಎದೆ ಸುಮ್ಮನಾಗುತ್ತಿತ್ತು. ಆ ಸುಖಕ್ಕೆ ಸೋತು ಅದೇ ಚೀಟಿ ತೋರಿಸಿ ತಿಂಗಳುಗಟ್ಟಲೆ ತಂದು ನುಂಗಿದೆ.

ಬರಬರುತ್ತಾ ಹೆದರಿಕೆ ಹೋಗಿ ಮಂಕು ಕವಿಯಿತು. ಊಟ ರುಚಿಸದು, ಮಾತು ಬೇಡ, ಶೆಡ್ಡಿಗೆ ಹೋಗುವ ಮನಸ್ಸಿಲ್ಲ. ಇನ್ನು ಬದುಕಿರುವುದಾದರೂ ಏಕೆ ಎನ್ನಿಸುತ್ತಿತ್ತು. ಗುಳಿಗೆಯೇ ನನ್ನನ್ನು ತಿನ್ನುತ್ತಿದೆ ಎಂಬ ಗುಮಾನಿ ಬಂತು. ಪವರ್‌ಲೂಮ್ ನಡೆಸುವವನ ಕೈಗೆ ಗೊತ್ತಿರುವುದು ಒಂದೇ ಪಾಠ: ಎಳೆ ಹರಿದದ್ದು ಕಂಡರೆ ಆ ಕ್ಷಣವೇ ಹಿಡಿಕೆ ಎಳೆದು ಮಗ್ಗ ನಿಲ್ಲಿಸಬೇಕು, ತಡ ಮಾಡಿದರೆ ಬಟ್ಟೆ ಕೆಡುತ್ತದೆ. ಗುಳಿಗೆಯನ್ನೂ ನಾನು ಹಾಗೆಯೇ ನಿಲ್ಲಿಸಿದೆ. ಯಾರನ್ನೂ ಕೇಳಲಿಲ್ಲ.

ಆಮೇಲಿನ ದಿನಗಳು ಶತ್ರುವಿಗೂ ಬೇಡ. ಕೈ ನಡುಗುತ್ತಿತ್ತು, ನಿದ್ದೆ ಹತ್ತಿರ ಸುಳಿಯುತ್ತಿರಲಿಲ್ಲ, ಪಾತ್ರೆಯ ಸದ್ದಿಗೂ ಬೆಚ್ಚುತ್ತಿದ್ದೆ. ಹೆಂಡತಿ ತವರಿನ ಮದುವೆಗೆ ಹೋಗಿದ್ದಳು. ಮುಧೋಳಕ್ಕೆ ಕೊಟ್ಟ ಅಕ್ಕ ಬಂದು ಅಡುಗೆ ನೋಡಿಕೊಳ್ಳುತ್ತಿದ್ದಳು. ಜ್ವರ ಎಂದು ಅವಳಿಗೆ ಸುಳ್ಳು ಹೇಳಿದ್ದೆ.

ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ನಮ್ಮೂರಲ್ಲಿ ಕರೆಂಟ್ ಹೋದರೆ ಪವರ್‌ಲೂಮ್‌ಗಳೆಲ್ಲ ನಿಂತು ಓಣಿಗೆ ಓಣಿಯೇ ಮೌನವಾಗುತ್ತದೆ. ಹೊರಗಿನವರಿಗೆ ಅದು ಹಾಯೆನಿಸಬಹುದು, ನಮಗೆ ಕಿವಿ ಬಿಕೋ ಎನ್ನುತ್ತದೆ. ನಡುಮನೆಯ ಮಂಚದ ಮೇಲೆ ಕಂಬಳಿ ಹೊದ್ದು ಮಲಗಿದ್ದೆ. ಕುಣಿ ಮುಚ್ಚಿದ ಫರಸಿಯ ಕಡೆಯಿಂದ ಕೈಮಗ್ಗದ ಸಪ್ಪಳ ಬಂತು. ಲಾಳಿ ಅತ್ತಿಂದಿತ್ತ ಓಡಿತು. ನಡುವೆ ತುಸು ತಡೆದು, ಒಂದು ಕೆಮ್ಮು, ಆಮೇಲೆ ಬೆನ್ನುಬೆನ್ನಿಗೆ ಎರಡು ಬಡಿತ. ಅದು ಅಪ್ಪನ ಕೈ. ಅದನ್ನು ಕೇಳುತ್ತಲೇ ಬೆಳೆದವನು ನಾನು, ಗುರುತು ತಪ್ಪುವಂತಿರಲಿಲ್ಲ. ನನಗೆ ಹುಚ್ಚು ಹಿಡಿದಿದೆ, ಇದನ್ನು ಯಾರಿಗೂ ಹೇಳುವಂತಿಲ್ಲ, ಇದಕ್ಕಿಂತ ಸಾಯುವುದೇ ಮೇಲು ಎಂದುಕೊಂಡೆ.

ಅಷ್ಟರಲ್ಲಿ ಅಕ್ಕ ಅಡುಗೆಮನೆಯಿಂದ ಚಹಾ ತಂದಳು. ನನಗೆ ಕೊಡಲಿಲ್ಲ. ನೇರ ಹೋಗಿ, ಮುಚ್ಚಿದ ಕುಣಿಯ ಬಲಕ್ಕೆ, ಅಪ್ಪನ ಕೈಗೆ ಸಿಗುತ್ತಿದ್ದ ಜಾಗದಲ್ಲಿ ಲೋಟ ಇಟ್ಟಳು. ಹುಡುಗಿಯಾಗಿದ್ದಾಗ ಅದು ಅವಳ ನಿತ್ಯದ ಕೆಲಸವಾಗಿತ್ತು. ಇಟ್ಟವಳು ಅಲ್ಲೇ ನಿಂತುಬಿಟ್ಟಳು. ಸಪ್ಪಳವೂ ನಿಂತಿತ್ತು.

“ಚಾ ಇಲ್ಲ್ಯಾಕ ಇಟ್ಟೆ ನಾ?” ಎಂದಳು ತನ್ನಷ್ಟಕ್ಕೆ.

“ಅಕ್ಕಾ, ನಿನಗೂ ಕೇಳಿಸ್ತೇನು?”

ಅವಳು ನನ್ನ ನಡುಗುವ ಕೈ ನೋಡಿದಳು. “ಕೇಳಿಸ್ತು. ಅದಿರಲಿ, ನಿನಗ ಏನಾಗೈತಿ? ಖರೆ ಹೇಳು.”

ಎಲ್ಲ ಹೇಳಿಬಿಟ್ಟೆ. ಗುಳಿಗೆಯ ಸಂಗತಿ, ಸಾಯುವ ಯೋಚನೆ, ಒಂದನ್ನೂ ಬಚ್ಚಿಡಲಿಲ್ಲ. ಅಕ್ಕ ನನ್ನನ್ನು ಅಂದೇ ಜಮಖಂಡಿಗೆ, ಮನೋರೋಗದ ಡಾಕ್ಟರ ಹತ್ತಿರ ಕರೆದೊಯ್ದಳು.

“ಈ ಗುಳಿಗಿ ಹೆದರಿಕಿ ತಗ್ಗಸ್ತೈತ್ರಿ, ಖಿನ್ನತೆಗೆ ಔಷಧ ಅಲ್ಲ,” ಎಂದರು ಅವರು. “ಕೆಲವರಿಗೆ ಅದನ್ನ ಹೆಚ್ಚೂ ಮಾಡ್ತೈತಿ. ಹಂಗಂತ ಒಮ್ಮಿಗೇ ಬಿಟ್ರ ಫಿಟ್ಸ್ ಬರಬಹುದು, ಇಲ್ಲದ ಸಪ್ಪಳ ಕೇಳಬಹುದು. ಇದೇನ್ ಮಗ್ಗ ಅಲ್ರಿ, ಹಿಡಿಕಿ ಎಳದು ನಿಲ್ಸಾಕ.”

ಅದೇ ಗುಳಿಗೆಯನ್ನು ಮತ್ತೆ ಕೊಟ್ಟು, ನನ್ನನ್ನು ಆಗಾಗ ಪರೀಕ್ಷಿಸುತ್ತಾ ಪ್ರಮಾಣವನ್ನು ಸ್ವಲ್ಪಸ್ವಲ್ಪವೇ ಇಳಿಸಿದರು. ಖಿನ್ನತೆಗೆ ಬೇರೆ ಚಿಕಿತ್ಸೆ ನಡೆಯಿತು. ಪೂರ್ತಿ ಬಿಡಲು ತಿಂಗಳುಗಳೇ ಹಿಡಿದವು. ನಡುವೆ ಕೆಲವು ವಾರ ಕಷ್ಟವಾದಾಗ ಇಳಿಸುವುದನ್ನು ಅಲ್ಲಿಗೇ ತಡೆದು, ಆಮೇಲೆ ಮುಂದುವರಿಸಿದರು.

ಮೊದಲ ದಿನವೇ ನಾನು ಕೇಳಿದ್ದೆ, “ಹಂಗಾರ ನಮ್ಮಕ್ಕಗ ಹೆಂಗ ಕೇಳಿಸ್ತ್ರಿ?”

ಡಾಕ್ಟರು ಅಕ್ಕನ ಕಡೆ ತಿರುಗಿದರು. “ನೀವು ಏನರ ಗುಳಿಗಿ ತಗೋತೀರೇನ್ರಿ?”

“ನಾ ಜ್ವರಕ್ಕೂ ತಗೊಳ್ಳಂಗಿಲ್ರಿ.”

ಹಾಗಾದರೆ ನಾನು ನಡುಗುತ್ತಿದ್ದಾಗ ಮಂಚವೇ ಸಪ್ಪಳ ಮಾಡಿರಬಹುದು ಎಂದರು. ಇರಬಹುದು. ಆದರೆ ಮಂಚ ಕೆಮ್ಮುವುದಿಲ್ಲ. ಕೆಮ್ಮನ್ನು ಅಕ್ಕನೂ ಕೇಳಿದ್ದಳು.

ಈಗ ಚೆನ್ನಾಗಿದ್ದೇನೆ. ಅಕ್ಕ ಬಂದಾಗ ಕರೆಂಟ್ ಹೋದರೆ ಇಬ್ಬರೂ ಮಾತು ನಿಲ್ಲಿಸುತ್ತೇವೆ.

“ಏನರ ಕೇಳಿಸ್ತೇನು?” ಎನ್ನುತ್ತಾಳೆ.

“ಇಲ್ಲ.”

“ನನಗೂ ಇಲ್ಲ.”

ಕೇಳದಿರುವುದೇ ಒಳ್ಳೆಯದು, ಗುಣವಾಗಿದ್ದೇನೆ ಎಂದರ್ಥ. ಅದು ಗೊತ್ತಿದ್ದೂ ಪ್ರತಿ ಸಲ ನನಗೆ ತುಸು ನಿರಾಸೆಯಾಗುತ್ತದೆ.